ರೆಕ್ಕೆಯ ಮೇಲೆ ನಿಂತವನು

"ಎಡತೊಡೆ ಹಿಂದ್ಗಡೆ ಸುಟ್ಟ ಕಲೆ ಇರುತ್ತೆ, ನೋಡಕ್ಕ. ಇದ್ರೆ ಭಾವನೇ," ಎಂದಳು ತಂಗಿ. ಭೂತಗನ್ನಡಿ ಇನ್ನೂ ಅಕ್ಕನ ಕೈಯಲ್ಲೇ ಇತ್ತು.

ಮೇಜಿನ ಮೇಲಿದ್ದದ್ದು ಯುದ್ಧಕಾಲದ ಫೋಟೊ. ನೀರಿನ ಮೇಲೆ ಇಳಿಯುವಂಥ ದೊಡ್ಡ ವಿಮಾನವೊಂದು ಒಡೆದು ಮುಳುಗುತ್ತಿತ್ತು. ಅದರ ರೆಕ್ಕೆಯ ಮೇಲೆ ಪ್ಯಾಂಟು ಹರಿದ ಯುವಕನೊಬ್ಬ ಬೆನ್ನು ಹಾಕಿ ನಿಂತಿದ್ದ. ಅದು ತಾನೇ ಎಂದು ಅಕ್ಕನ ಗಂಡ ಸಾಯುವವರೆಗೂ ಹೇಳುತ್ತಿದ್ದ, ಕೇಳಿದವರೆಲ್ಲ ನಕ್ಕಿದ್ದರು. "ಮುಖ ಕಾಣಲ್ಲಮ್ಮ. ಮೈಮೇಲಿನ ಗುರುತೇನಾದ್ರೂ ಹೇಳಿದ್ರೆ ಕೆಳಗೆ ಹೆಸರು ಹಾಕ್ತೀವಿ," ಎಂದಿದ್ದ ಮ್ಯೂಸಿಯಮ್ಮಿನವನು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಂಗಿ ಹೇಳಿಬಿಟ್ಟಿದ್ದಳು.

ಆ ಕಲೆಗೆ ನಾಚಿ ಆತ ಮನೆಯೊಳಗೂ ಉದ್ದ ಪ್ಯಾಂಟು ಬಿಟ್ಟವನಲ್ಲ, ದೀಪ ಆರಿಸದೆ ಬಟ್ಟೆ ಬದಲಿಸಿದವನಲ್ಲ. ಅದು ತನಗೊಬ್ಬಳಿಗೇ ಗೊತ್ತೆಂದು ಅಕ್ಕ ಇಷ್ಟು ವರ್ಷ ಒಳಗೊಳಗೇ ಬೀಗಿದ್ದಳು. ಈಗ ತಂಗಿಯ ಬಾಯಲ್ಲಿ ಅದನ್ನು ಕೇಳಿ, ಭೂತಗನ್ನಡಿಯನ್ನು ಫೋಟೊದ ಮೇಲೆ ಹಿಡಿದಳು. ಗಾಜಿನಡಿ ಕಲೆ ಕಾಣುತ್ತಿತ್ತು, ಅಂಗೈಯಗಲ, ಅವಳ ಬೆರಳುಗಳು ಕತ್ತಲಲ್ಲೂ ಗುರುತಿಸುತ್ತಿದ್ದ ಅದೇ ಆಕಾರ.

"ಇದೆಯೇನಮ್ಮ?" ಮ್ಯೂಸಿಯಮ್ಮಿನವನು ಪೆನ್ನಿನ ಮುಚ್ಚಳ ತೆಗೆದ.

"ಇದು ಕಾಗದದ ಕಲೆ. ಇವರು ನಮ್ಮನೆಯವರಲ್ಲ."

"ಕಾಗದದ್ದು ಹೇಗಾಗುತ್ತೆ? ಇಲ್ಲಿ ಕೊಡಕ್ಕ, ನಾನೂ ನೋಡ್ತೀನಿ," ತಂಗಿ ಕೈಚಾಚಿದಳು.

ಅಕ್ಕ ಭೂತಗನ್ನಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ನಿನಗ್ಯಾಕೆ? ನೀನು ಆಗ್ಲೇ ನೋಡಿದೀಯಲ್ಲ."