ಭೂತಪ್ಪನ ಕಬ್ಬಿಣ

ಅಂಗಳದಲ್ಲಿ ಎತ್ತಿನ ಗಾಡಿ ನಿಂತಾಗ ತೀರ್ಥಹಳ್ಳಿಯ ಮುಕುಂದಯ್ಯನವರು ಕಿಟಕಿಯಿಂದ ಇಣುಕಿದರು. ಇಳಿದವನು ಹೊಸನಗರದ ಕಡೆಯ ಹೂವಪ್ಪ, ಭೂತಪ್ಪನ ಬನದ ಪೂಜಾರಿ. ಅವನ ಹಿಂದೆ ನಾಲ್ವರು ಗಟ್ಟಿಗರು.

ಬರುವುದಕ್ಕೂ ಹೊತ್ತುಗೊತ್ತು ಬೇಡವೇ? ಒಳಗೆ ಸಾಗರದ ಗಿರಿಯಪ್ಪನವರು ಭೂತಗನ್ನಡಿ ಹಿಡಿದು ಕೂತಿದ್ದರು. ಆಕಾಶದಿಂದ ಬಿದ್ದ ಕಬ್ಬಿಣ ಕೂಡಿಡುವ ಹುಚ್ಚು ಇಬ್ಬರಿಗೂ ಸಮಸಮ. ಸ್ನೇಹ ಮಾತ್ರ ಮೇಲುಮೇಲಿನದು. ಮುಕುಂದಯ್ಯನವರು ಹೊಸ ಉಲ್ಕೆಯ ತುಂಡೊಂದನ್ನು ಉಜ್ಜಿ, ಆಸಿಡ್ ಸವರಿ, ಆಕಾಶದ ಕಬ್ಬಿಣದಲ್ಲಿ ಮಾತ್ರ ಏಳುವ, ಚಾಪೆ ಹೆಣೆದಂಥ ಬೆಳ್ಳಿಗೆರೆಗಳನ್ನು ಎಬ್ಬಿಸಿದ್ದರು. ಗಿರಿಯಪ್ಪನವರ ಮುಖ ಆಗಲೇ ಹುಳ್ಳಗಾಗಿತ್ತು. ಮುಕುಂದಯ್ಯನವರಿಗೆ ಬೇಕಿದ್ದುದೂ ಅದೇ. ತುಂಡು ಎಲ್ಲಿ ಸಿಕ್ಕಿತೆಂದು ಮಾತ್ರ ಅವರು ಬಾಯಿ ಬಿಟ್ಟಿರಲಿಲ್ಲ. ಬನದಲ್ಲಿ ಭೂತಪ್ಪನೆಂದು ಪೂಜೆಗೊಳ್ಳುವ ಕಬ್ಬಿಣದ ಗುಂಡಿನ ತುದಿಯನ್ನು ಗರಗಸದಿಂದ ಕೊಯ್ದು ತಂದವರು ಹೇಳುವುದಾದರೂ ಏನನ್ನು?

ಹೂವಪ್ಪ ಒಳಗೆ ಬಂದವನೇ ಮೇಜಿನ ಮೇಲಿನ ತುಂಡನ್ನು ನೋಡಿದ.

"ಅಯ್ಯಾ, ನಮ್ಮ ಭೂತಪ್ಪನ್ನ ಯಾರೋ ಭಿನ್ನ ಮಾಡಿದಾರೆ. ಇಂಥದ್ದು ಕೂಡಿಡೋರು ನೀವು ಅಂದ್ರು. ನೀವೇನಾ?"

ಮುಕುಂದಯ್ಯನವರು ಒಮ್ಮೆ ಗಟ್ಟಿಗರನ್ನು, ಒಮ್ಮೆ ಗಿರಿಯಪ್ಪನವರನ್ನು ನೋಡಿದರು. ಹೆಸರು ಹೋದರೆ ಮತ್ತೆ ಗಳಿಸಬಹುದು, ಹಲ್ಲು ಹೋದರೆ ಹೋದಂತೆಯೇ.

"ಇದಾ? ಕುಲುಮೆ ಕಬ್ಬಿಣ ಮಾರಾಯ. ಗೆರೆ ನಾನೇ ಅರದಿಂದ ಗೀರಿದ್ದು, ಇವರನ್ನ ಬೇಸ್ತು ಬೀಳಿಸೋಣ ಅಂತ."

ಗಿರಿಯಪ್ಪನವರು ಭೂತಗನ್ನಡಿ ಕೆಳಗಿಟ್ಟರು.

"ಚೆನ್ನಾಗೇ ಗೀರಿದೀರಿ," ಎಂದು ನಕ್ಕರು. ಆ ನಗು ಮುಕುಂದಯ್ಯನವರ ಹೊಟ್ಟೆ ಉರಿಸಿತು.

"ಆಣೆ ಮಾಡ್ತೀರಾ?" ಹೂವಪ್ಪ ಕೇಳಿದ.

"ನಿಮ್ಮ ಭೂತಪ್ಪನಾಣೆ, ನಾನಲ್ಲ."

ಹೂವಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಹಂಗಾದ್ರೆ ಬಂದದ್ದು ದಂಡ. ಲಿಂಗನಮಕ್ಕಿ ಡ್ಯಾಮಿನ ನೀರು ಬನಕ್ಕೂ ಬರ್ತದಂತೆ, ಊರು ಎಬ್ಬಿಸ್ತಿದಾರೆ. ಭಿನ್ನ ಆದ ದೇವರನ್ನ ಹೊಸ ಊರಲ್ಲಿ ಕೂರಿಸೋ ಹಂಗಿಲ್ಲ. ಮುರಿದೋನಿಗೇ ಉಳಿದದ್ದನ್ನೂ ಕೊಟ್ಬಿಡಿ, ಪೂಜೆ ಅವನೇ ಮಾಡ್ಕೊಳ್ಲಿ ಅಂತ ಪಾತ್ರಿ ಮೈಮೇಲೆ ಬಂದು ಭೂತಪ್ಪನೇ ನುಡಿದಾನೆ. ಉಳಿದ ಗುಂಡು ಗಾಡೀಲಿದೆ. ಇನ್ನು ಯಾರನ್ನ ಹುಡುಕೋದು, ಹೊಳೆಗೆ ಬಿಡ್ತೀವಿ."

ಮುಕುಂದಯ್ಯನವರು ಗಾಡಿಯತ್ತ ಒಂದು ಹೆಜ್ಜೆ ಇಟ್ಟು ನಿಂತರು. ಆಣೆಯ ಬಿಸಿ ಇನ್ನೂ ಆರಿರಲಿಲ್ಲ.

ಗಿರಿಯಪ್ಪನವರು ಎದ್ದು ಭಕ್ತಿಯಿಂದ ಕೈಮುಗಿದರು. "ತಪ್ಪಾಯ್ತು ಹೂವಪ್ಪ. ಮುರಿದೋನು ನಾನೇ. ಗಾಡಿ ಸಾಗರಕ್ಕೆ ತಿರುಗಿಸು."