ಹದಿಮೂರೇಳ್ಲೆ

“ಮಗ್ಗಿ ಕಲ್ತಿದ್ನಿರೀ ಅಕ್ಕಾರ! ನಿನ್ನೆ ನಿಮ್ಮ ಈಶಾನಿಗೆ ಕೊಟ್ಟ ಬಂದೇನಲ್ರೀ, ಮತ್ತ ನನ್ನ ತೆಲ್ಯಾಗ ಎಲ್ಲಿ ಉಳೀತೈತ್ರಿ?”

ಫಕೀರವ್ವನ ಮಾತಿಗೆ ನಾಲ್ಕನೇ ತರಗತಿ ಗೊಳ್ಳೆಂದಿತು. ಕಮಲಾಕ್ಷಿ ಟೀಚರ್ ತಲೆಯೆತ್ತಲಿಲ್ಲ. ಹಣೆಗೆ ಹಣೆ ತಾಗಿಸಿದರೆ ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ದಾಟಿ, ಕೊಟ್ಟವರ ತಲೆ ಖಾಲಿಯಾಗುವ ಊರದು. ಮುಸುರೆ ತಿಕ್ಕುವವರ ಮಕ್ಕಳು ಕೆಲಸದ ಮನೆಯ ಮಕ್ಕಳಿಗೆ ಪಾಠ ಕೊಟ್ಟು ಹೋಗುವುದು, ಕಸ ಗುಡಿಸಿ ಹೋದಷ್ಟೇ ಸಹಜ. ಫಕೀರವ್ವನ ತಾಯಿ ಮುಸುರೆ ತಿಕ್ಕುತ್ತಿದ್ದುದು ಟೀಚರ್ ಮನೆಯಲ್ಲೇ.

“ಪರೀಕ್ಷೆ ಐತಂತ ಗೊತ್ತಿತ್ತಲ್ಲವ್ವಾ, ಮತ್ತೊಮ್ಮೆ ಕಲೀಬೇಕಿತ್ತು.”

“ತಮ್ಮನ್ನ ಯಾರು ನೋಡ್ಕೋತಾರ್ರೀ?”

‘ಮನೆಯಲ್ಲಿ ಓದುವುದಿಲ್ಲ. ಮತ್ತೆ ನಾಲ್ಕನೇ ತರಗತಿಯೇ’ ಎಂದು ಟೀಚರ್ ಅಂಕದ ಪುಸ್ತಕದಲ್ಲಿ ಬರೆದರು.

ಸಂಜೆ ಮಗಳು ಈಶಾನಿ ಸೋಫಾದ ಮೇಲೆ ಕುಳಿತು ಮಗ್ಗಿ ಒಪ್ಪಿಸಿದಳು.

“ಹದಿಮೂರಾರ್ಲೆ ಎಪ್ಪತ್ತೆಂಟು, ಹದಿಮೂರೇಳ್ಲೆ... ಏ ತಮ್ಮಾ, ಒಲಿ ಕಡೆ ಹೋಗಬ್ಯಾಡೋ!... ತೊಂಬತ್ತೊಂದು.”

ಈಶಾನಿಗೆ ತಮ್ಮನಿಲ್ಲ. ಆ ಮನೆಯಲ್ಲಿ ಕಟ್ಟಿಗೆ ಒಲೆಯೂ ಇಲ್ಲ.

“ಮಮ್ಮೀ, ತಮ್ಮ ಯಾರು? ಮಗ್ಗಿಯೊಳಗೇ ಬಂದ್ನಲ್ಲ?”

“ಮುಂದ ಹೇಳು,” ಎಂದರು ಟೀಚರ್.

ಮಗಳು ಮುಂದುವರಿಸಿದಳು. ಟೀಚರ್ ಬ್ಯಾಗಿನಿಂದ ಪುಸ್ತಕ ತೆಗೆದು, ‘ಮನೆಯಲ್ಲಿ ಓದುವುದಿಲ್ಲ’ ಎಂದು ಬರೆದ ಸಾಲನ್ನು ಒದ್ದೆ ಬೆರಳಿನಿಂದ ಉಜ್ಜಿದರು. ಅಕ್ಷರ ಹೋಗಲಿಲ್ಲ, ಹಾಳೆ ಹರಿಯಿತು.