ಆರು ಸೆಲ್ಲಿನ ಬ್ಯಾಟರಿ

“ಮೇಡಂ, ಆಟದ ಕಾರಿಗೆ ಇದೇ ಸಾಕು. ಚಾರ್ಜ್ ಮಾಡೋಕೆ ಮುಂಚೆ ಬ್ಯಾಟರೀನ ಹತ್ತೇ ನಿಮಿಷದಲ್ಲಿ ಪೂರ್ತಿ ಖಾಲಿ ಮಾಡುತ್ತೆ” ಎಂದು ಅಂಗಡಿಯವನು ಮೂರನೆಯ ಸಲ ಅದೇ ಡಿಸ್ಚಾರ್ಜರನ್ನು ಮುಂದೆ ತಳ್ಳಿದಾಗ ಬಸ್ ಡ್ರೈವರಮ್ಮನಿಗೆ ಸಿಟ್ಟು ನೆತ್ತಿಗೇರಿತು.

“ಆಟದ್ದಲ್ಲ ರೀ, ರೇಸಿಂದು. ಆರು ಸೆಲ್ಲನ್ನೂ ಒಟ್ಟಿಗೆ ಖಾಲಿ ಮಾಡಿದ್ರೆ ಅದರಲ್ಲಿ ಸೋತಿರೋ ಸೆಲ್ಲು ಸತ್ತೇಹೋಗುತ್ತೆ. ಎಷ್ಟು ಸಲ ಹೇಳಲಿ?” ಕಳೆದ ಮೂರು ಭಾನುವಾರವೂ ಅವಳ ರಿಮೋಟ್ ಕಾರು ರೇಸಿನ ಕೊನೆಯ ಸುತ್ತಿನಲ್ಲೇ ನಿಂತಿತ್ತು. ಅವನು ಅವಳನ್ನು ಬಿಟ್ಟು, ಜೊತೆಗೆ ಬಂದಿದ್ದ ಅವಳ ಅತ್ತೆಯ ಕಡೆ ತಿರುಗಿ ನಕ್ಕ. “ನೀವಾದ್ರೂ ಹೇಳಿ ಅಜ್ಜಿ.” ಆ ಕಾರನ್ನು ಕಂಡರೇ ಮುಖ ಸಿಂಡರಿಸುವ ಅತ್ತೆ ಇನ್ನೇನೆನ್ನುತ್ತಾರೋ ಎಂದು ಡ್ರೈವರಮ್ಮ ಹಲ್ಲು ಕಚ್ಚಿದಳು.

ಅತ್ತೆ ಅವಳ ಕೈಯಿಂದ ಬ್ಯಾಟರಿ ತೆಗೆದುಕೊಂಡು ತುದಿಯ ಸೆಲ್ಲಿನ ಮೇಲೆ ಬೆರಳಿಟ್ಟರು. “ರೇಸ್ ಮುಗಿಸಿ ಬಂದು ಇವಳು ಮೇಜಿನ ಮೇಲಿಟ್ಟಾಗಲೆಲ್ಲ ಮುಟ್ಟಿ ನೋಡ್ತೀನಪ್ಪ. ಇದೊಂದೇ ಸುಡ್ತಾ ಇರುತ್ತೆ, ಉಳಿದ ಐದು ಬೆಚ್ಚಗಷ್ಟೇ. ಸೋತಿರೋದು ಇದೇ. ಒಂದೊಂದು ಸೆಲ್ಲನ್ನೂ ಬೇರೆಬೇರೆ ಖಾಲಿ ಮಾಡಿ ತಾನಾಗೇ ನಿಲ್ಲೋದು ಇದ್ದರೆ ಕೊಡು.”

ಅಂಗಡಿಯವನು ಮೇಲಿನ ಅಟ್ಟದಿಂದ ಅಂಥದ್ದನ್ನು ತೆಗೆಯಲು ಏಣಿ ಹತ್ತಿದ.

“ನೀವು ಮುಟ್ಟಿ ನೋಡ್ತಿದ್ರಾ ಅತ್ತೆ?”

“ಮತ್ತೆ? ನಮ್ಮನೆ ಕಾರು ಪ್ರತಿ ಸಲ ಗೆಲ್ಲೋ ಹೊತ್ತಿಗೇ ನಿಂತ್ರೆ ನನಗೆ ಹೊಟ್ಟೆ ಉರಿಯಲ್ವಾ?”